ಆ ವಾಕ್ಯ ನನ್ನದು: ಮೂಲಪತ್ತೆ ಯಂತ್ರಕ್ಕೊಂದು ತಕರಾರು

ಸಂದೇಶ ಶಿಸ್ತುಪಾಲನಾ ಇಲಾಖೆಯ ಮೇಲ್ಮಹಡಿಯ ತಂಪು ಕೋಣೆಯಲ್ಲಿ ವಿರಾಜಮಾನರಾಗಿರುವ ಮೂಲಪತ್ತೆ ಯಂತ್ರ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ತಂತಿಗಳಿಗೂ, ತಮ್ಮನ್ನು ಬೆವರದಂತೆ ನೋಡಿಕೊಳ್ಳುತ್ತಿರುವ ಹವಾನಿಯಂತ್ರಕ್ಕೂ ಸಕಲ ಕ್ಷೇಮವನ್ನು ಹಾರೈಸಿ, ನಿವೃತ್ತ ನಕಲುಗಾರನಾದ ನಾನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಳುಹಿಸುವುದು ನನ್ನ ಹಳೆಯ ಅಭ್ಯಾಸವಾಗಿದ್ದರೂ, ಮುಚ್ಚಿದ ಯಾವುದನ್ನು ಕಂಡರೂ ತಮ್ಮ ಇಲಾಖೆಗೆ ಉಂಟಾಗುವ ಸಂಕಟವನ್ನು ಮನಗಂಡು, ತೆರೆಯುವ ಶ್ರಮವನ್ನಾದರೂ ತಪ್ಪಿಸೋಣವೆಂದು ಇದನ್ನು ಬಹಿರಂಗ ಪತ್ರವಾಗಿಯೇ ಬರೆದಿದ್ದೇನೆ.

ನಾನು ಯಾರೆಂಬುದು ತಮಗೆ ಈಗಾಗಲೇ ತಿಳಿದಿರಬೇಕಾಗಿತ್ತು. ತಿಳಿದಿಲ್ಲವೆಂಬುದೇ ಈ ತಕರಾರಿನ ಸಾರಾಂಶ. ದುಡಿಯುವ ವಯಸ್ಸನ್ನೆಲ್ಲ ನಾನು ಒಂದು ಕಚೇರಿಯ ನಕಲು ವಿಭಾಗದಲ್ಲಿ, ಜನರು ಮೇಲಿನವರಿಗೆ ಬರೆದ ಅರ್ಜಿಗಳನ್ನು ದುಂಡಗಿನ ಅಕ್ಷರದಲ್ಲಿ ಪ್ರತಿ ಮಾಡುತ್ತಾ ಕಳೆದೆ. ಪರರ ದುಃಖವನ್ನು 'ಮಾನ್ಯರ ಅವಗಾಹನೆಗೆ ತರಬಯಸುವುದೇನೆಂದರೆ' ಎಂಬ ಮುಖಮಂಟಪದ ಮೂಲಕವೇ ಒಳಗೆ ಕಳುಹಿಸಿ ಕಳುಹಿಸಿ, ಆ ಶೈಲಿಯು ಕೈಯಿಂದ ಹೊರಟು ಒಂದು ದಿನ ನಾಲಿಗೆಗೂ ಹತ್ತಿತು. ಹಾಲು ತೆಳ್ಳಗಾಗಿದೆಯೆಂದು ಹಾಲಿನವನಿಗೆ ತಿಳಿಸಬೇಕಾದರೂ ನಾನು ಈಗ ವಿಷಯ, ಉಲ್ಲೇಖ, ಕೋರಿಕೆ ಎಂಬ ಕ್ರಮವನ್ನು ಬಿಡುವುದಿಲ್ಲ. ಬೀದಿಯವರು ನನ್ನನ್ನು ಅರ್ಜಿ ತಾತ ಎನ್ನುತ್ತಾರೆ. ಅದು ಗೇಲಿಯೆಂದು ನನ್ನ ಮನೆಯಾಕೆಯ ಅಭಿಪ್ರಾಯ, ಬಿರುದೆಂದು ನನ್ನದು.

ಇನ್ನು ಪ್ರಕರಣದ ಸಂಗತಿಗಳು. ನಮ್ಮ ಬೀದಿಯ ನಲ್ಲಿಗಳಲ್ಲಿ ಕೆಲವು ಕಾಲದಿಂದ ಚರಂಡಿಯ ವಾಸನೆ ಬರತೊಡಗಿತು. ಮಕ್ಕಳು ಒಬ್ಬರ ಹಿಂದೊಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದರು. ಜಲಮಂಡಳಿಗೆ ಫೋನು ಮಾಡಿದವರಿಗೆಲ್ಲ, ತಮ್ಮ ಕರೆ ನಮಗೆ ಅಮೂಲ್ಯವೆಂದು ಒಂದು ಹೆಣ್ಣುದನಿ ಹೇಳಿ, ಅನಂತರ ಕೊಳಲಿನ ಸಂಗೀತವನ್ನು ಕೇಳಿಸಿತು. ಆಗ ನಾನು ಸಾರ್ವಜನಿಕ ಹಿತದೃಷ್ಟಿಯಿಂದ ಬೀದಿಯ ಗ್ರೂಪಿಗೆ ಒಂದು ಸಂದೇಶವನ್ನು ರಚಿಸಿದೆ. ನನ್ನ ಹೆಬ್ಬೆರಳು ಒಮ್ಮೆ ಒತ್ತಿದರೆ ಮೂರು ಅಕ್ಷರಗಳು ಬೀಳುವುದರಿಂದ, ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ನಾನು ಹೇಳುತ್ತಾ ಹೋದೆ, ಅವಳು ತನ್ನ ಫೋನಿನಲ್ಲಿ ಬರೆಯುತ್ತಾ ಹೋದಳು. ಈ ಹುಡುಗಿ ಅದೇ ಜಲಮಂಡಳಿಯ ನೀರು ಪರೀಕ್ಷಾ ಕೊಠಡಿಯಲ್ಲಿ ಹಂಗಾಮಿ ಸಹಾಯಕಿ ಎಂಬುದನ್ನು ತಾವು ಗಮನಿಸಬೇಕು. ತಮ್ಮವರು ಅದನ್ನೊಂದನ್ನೇ ಗಮನಿಸಿದ್ದಾರೆ. ಮೊದಲ ವಾಕ್ಯ ಮುಗಿಯುವ ಮುಂಚೆಯೇ ಅವಳು ತಲೆಯೆತ್ತಿ, ತಾತ, ಇಷ್ಟುದ್ದ ಯಾರು ಓದ್ತಾರೆ, ನೀರು ನಾರ್ತಿದೆ ಅಂದ್ರೆ ಸಾಲದಾ ಎಂದು ಕೇಳಿದಳು. ಸಾಲದೆಂದು ನಾನು ಖಂಡಿತವಾಗಿ ಹೇಳಿದೆ.

ಆ ವಾಕ್ಯವನ್ನು ತಮ್ಮ ದಾಖಲೆಗಾಗಿ ಇಲ್ಲಿ ಮತ್ತೊಮ್ಮೆ ನಿವೇದಿಸುತ್ತೇನೆ: 'ನಮ್ಮ ನಲ್ಲಿಗಳಿಂದ ಪ್ರತಿದಿನ ಇಳಿದುಬರುತ್ತಿರುವ ದ್ರವವನ್ನು ನೀರೆಂದು ಕರೆಯಲು, ಅಧಿಕಾರಿಗಳ ಮೇಲೆ ನಮಗೆ ಎಷ್ಟೇ ಗೌರವವಿದ್ದರೂ, ಭಾಷೆಯ ಮೇಲಿರುವ ಗೌರವವು ಅಡ್ಡಬರುತ್ತಿದೆ.' ಮಾನ್ಯರೇ, ಇದು ಊರಿಡೀ ಹರಡಿತು. ಪತ್ರಿಕೆ ಮಾರುವವನು ತನ್ನ ಪತ್ರಿಕೆಗಳನ್ನು ಬಿಟ್ಟು ಇದನ್ನು ಗಟ್ಟಿಯಾಗಿ ಓದಿದ. ನಾನು ಮುಖವನ್ನು ಗಂಭೀರವಾಗಿಟ್ಟುಕೊಂಡು, ಅಗತ್ಯವಿಲ್ಲದಿದ್ದರೂ, ಅವನ ಮುಂದೆ ಹಲವು ಸಲ ಹಾದುಹೋದೆ.

ಇಲ್ಲಿಂದ ತಮ್ಮ ಪಾತ್ರ ಆರಂಭ. ಬಹಳ ಜನರಿಗೆ ಮುಟ್ಟಿದ ಯಾವ ಸಂದೇಶವನ್ನಾದರೂ ಮೊತ್ತಮೊದಲು ಕಳುಹಿಸಿದವರು ಯಾರೆಂದು ಕಂಡುಹಿಡಿಯಬೇಕೆಂಬ ಹೊಸ ನಿಯಮದಡಿ, ಜಲಮಂಡಳಿಯ ದೂರಿನ ಮೇರೆಗೆ ತಾವು ಕಾರ್ಯಪ್ರವೃತ್ತರಾದಿರಿ. ಪ್ರತಿ ಸಂದೇಶದ ಬೆನ್ನಿಗೂ ಈಗ ಕಣ್ಣಿಗೆ ಕಾಣದ ಗುರುತುಚೀಟಿಯೊಂದನ್ನು ಅಂಟಿಸಿರುತ್ತಾರಂತೆ. ಲಕ್ಷಾಂತರ ಫೋನುಗಳ ನಡುವೆ ಆ ಚೀಟಿಯ ಜಾಡು ಹಿಡಿದು ತಾವು ನಮ್ಮ ಮನೆಯ ಮೆಟ್ಟಿಲಿನವರೆಗೆ ಬಂದುಬಿಟ್ಟಿರಿ. ಈ ಸಾಮರ್ಥ್ಯಕ್ಕೆ ನನ್ನ ನಮನಗಳು. ಚರಂಡಿಯ ಕೊಳವೆ ನೀರಿನ ಕೊಳವೆಯನ್ನು ಎಲ್ಲಿ ಕೂಡುತ್ತದೆಂದು ಜಲಮಂಡಳಿಗೆ ಇನ್ನೂ ಪತ್ತೆಯಾಗಿಲ್ಲ. ಅದು ಕೂಡಿದೆಯೆಂದು ಹೇಳಿದವರು ಯಾರೆಂಬುದು ಒಂದು ವಾರದೊಳಗೆ ಪತ್ತೆಯಾಯಿತು. ನಲ್ಲಿಯಿಂದ ಬಂದದ್ದನ್ನು ಬಿಟ್ಟು ಬಾಯಿಂದ ಬಂದದ್ದನ್ನು ಪರೀಕ್ಷಿಸುವುದು ವಿಜ್ಞಾನದಲ್ಲಿ ನಿಜಕ್ಕೂ ಮುನ್ನಡೆ.

ಆದರೆ ತಮ್ಮ ವರದಿಯಲ್ಲಿ 'ಪ್ರಥಮ ಪ್ರೇಷಕಿ' ಎಂದು ಆ ಹುಡುಗಿಯ ಹೆಸರಿದೆ. ಪರೀಕ್ಷಾ ಕೊಠಡಿಯ ಗೌಪ್ಯ ಮಾಹಿತಿಯನ್ನು ಹೊರಗೆ ಬಿಟ್ಟಳೆಂದು ಅವಳ ಮೇಲೆ ಆರೋಪ, ಗುರುವಾರ ವಿಚಾರಣೆ, ಅಂದೇ ಅವಳ ಕೆಲಸ ಹೋಗುವುದೆಂದು ತಮ್ಮ ಕಚೇರಿಯ ಜವಾನನಿಗೂ ಗೊತ್ತು. ಗೌಪ್ಯ ಮಾಹಿತಿಯೆಂದು ತಾವು ಕರೆಯುವ ಸಂಗತಿಯು ಬೀದಿಯ ತುದಿಯವರೆಗೂ ನಾರುತ್ತಿತ್ತು, ಮೂಗೊಂದನ್ನು ಬಿಟ್ಟು ಬೇರೆ ಯಾವ ಮೂಲವೂ ನನಗೆ ಬೇಕಾಗಿರಲಿಲ್ಲ. ಅದಿರಲಿ. ನನ್ನನ್ನು ಘಾಸಿಗೊಳಿಸಿದ್ದು ಬೇರೆ. ತಾವು ಬೆರಳನ್ನು ಹಿಡಿದು ನಾಲಿಗೆಯನ್ನು ಬಿಟ್ಟಿದ್ದೀರಿ. 'ಸಾಲದಾ' ಎಂದು ಕೇಳುವ ವಯಸ್ಸಿನವಳು 'ಎಷ್ಟೇ ಗೌರವವಿದ್ದರೂ' ಎಂಬ ತಿರುವನ್ನು ವಾಕ್ಯದ ನಡುವೆ ತರಬಲ್ಲಳೆಂದು ತಾವು ಹೇಗೆ ನಂಬಿದಿರಿ? ತಮ್ಮ ಒಳಗೆ ಇಷ್ಟೊಂದು ತಂತಿಗಳಿದ್ದೂ ಒಂದಕ್ಕಾದರೂ ಗದ್ಯದ ರುಚಿ ಹತ್ತಲಿಲ್ಲವೇ? ಇದನ್ನು ನನ್ನ ಮನೆಯಾಕೆಯ ಮುಂದೆ ತೋಡಿಕೊಂಡಾಗ ಅವಳು ಬಟ್ಟೆ ಮಡಿಸುತ್ತಲೇ, ನೀವು ಬರೆದದ್ದು ಅಂತ ಗೊತ್ತಾಗೋಕೆ ಯಂತ್ರ ಬೇರೆ ಬೇಕಾ, ಅರ್ಧಕ್ಕೆ ಬರೋದರೊಳಗೆ ಉಸಿರು ಕಟ್ಟುತ್ತಲ್ಲ ಎಂದಳು. ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ.

ಆದ್ದರಿಂದ ನಾನು ಒಗೆದ ಅಂಗಿ ತೊಟ್ಟು, ಸ್ವತಃ ತಮ್ಮ ಇಲಾಖೆಗೆ ಬಂದು, ಅಪರಾಧಿ ನಾನೇ ಎಂದು ವಿಚಾರಣಾಧಿಕಾರಿಗಳಲ್ಲಿ ನಿವೇದಿಸಿಕೊಂಡೆ. ಅವರು ನನ್ನನ್ನು ಕುಳಿತುಕೊಳ್ಳಲು ಹೇಳಿದರು, ಅಷ್ಟರಮಟ್ಟಿಗೆ ಸಜ್ಜನರು. ಕರೆಯದೆ ಬಂದ ಆರೋಪಿಗೆ ತಮ್ಮಲ್ಲಿ ಅವಕಾಶವಿಲ್ಲವೆಂದು ವಿವರಿಸಿದರು. ಅನಂತರ, ಯಜಮಾನ್ರೇ, ಯಂತ್ರ ಹೇಳಿದ ಮೇಲೆ ಮುಗೀತು, ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಎಂದು ಹೇಳಿ, ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಕೈಗೆತ್ತಿಕೊಂಡು, ಸೀಲು ಒಡೆದಿಲ್ಲವೆಂಬುದನ್ನು ಎರಡೆರಡು ಸಲ ತಿರುಗಿಸಿ ಖಾತ್ರಿಪಡಿಸಿಕೊಂಡು ಕುಡಿದರು. ಸೀಲು ಇಲ್ಲದ ನೀರನ್ನು ಮುಟ್ಟದ ಅವರಿಗೆ ಸೀಲು ಇರುವ ಮಾತುಗಳನ್ನು ಕಂಡರೆ ಆಗದಿರುವುದೇಕೆಂದು ಕೇಳಬೇಕೆಂದಿದ್ದೆ. ಅವರು ಬಾಯಾರಿದ್ದರು, ನಮಸ್ಕರಿಸಿ ಎದ್ದು ಬಂದೆ.

ಇನ್ನೇನೇನು ಹೊರಬಿಟ್ಟಿದ್ದಾಳೆಂದು ನೋಡಲು ಈಗ ಅವರಿಗೆ ಬೇಕಾಗಿರುವುದು ಆ ಹುಡುಗಿಯ ಫೋನು, ಅದರ ಬೀಗ ತೆಗೆದು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮಾತು ದಾರಿಯುದ್ದಕ್ಕೂ ಗೂಢಲಿಪಿಯಲ್ಲಿರುತ್ತದೆಂದೂ, ಆಡಿದವರ ಮತ್ತು ಕೇಳಿದವರ ಫೋನಿನಲ್ಲಲ್ಲದೆ ಬೇರೆಲ್ಲೂ ಬಿಚ್ಚಿಕೊಳ್ಳುವುದಿಲ್ಲವೆಂದೂ, ಹೊತ್ತೊಯ್ಯುವ ಕಂಪನಿಗೂ ಅದನ್ನು ಓದಲಾಗದೆಂದೂ ಅವಳೇ ನನಗೆ ಹಿಂದೊಮ್ಮೆ ತಿಳಿಸಿಕೊಟ್ಟಿದ್ದಳು. ಆದಕಾರಣ ಬೀದಿಯ ಹೆಂಗಸರು, ಪರೀಕ್ಷಾ ಕೊಠಡಿಯವಳೆಂಬ ಭರವಸೆಯಿಂದ, ಅವಳಿಗೆ ಏನೇನನ್ನೋ ಕಳುಹಿಸುತ್ತಾರೆ: ಮಗುವಿನ ಮೈಮೇಲಿನ ಗುಳ್ಳೆಯ ಚಿತ್ರ, ಡಾಕ್ಟರ ಚೀಟಿ, ಯಾರಿಗೂ ತೋರಿಸದ ವರದಿ. ಹೊಲಿಗೆಯಾಕೆ ಗಂಡನಿಗೂ ಹೇಳದ ಯಾವುದೋ ಮಾತನ್ನು ಅವಳಿಗೆ ಬರೆದಿದ್ದಾಳಂತೆ. ಏನೆಂದು ನನಗೆ ತಿಳಿಯದು. ಫೋನನ್ನು ತೆರೆದುಕೊಟ್ಟರೆ ಎಚ್ಚರಿಕೆಯಲ್ಲಿ ಮುಗಿಸುವುದಾಗಿ ಅಧಿಕಾರಿಗಳು ಅವಳಿಗೆ ಹೇಳಿದರಂತೆ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು, ಜೊತೆಯಲ್ಲಿದ್ದ ಜವಾನ ಬಂದು ನಮಗೆ ಹೇಳಿದ:

"ಫೋನು ನನ್ನದು ಸಾರ್. ಒಳಗಿರೋ ಮಾತು ನನ್ನದಲ್ಲ."

ನನ್ನ ಹೆಸರನ್ನು ಹೇಳಿ ಅವಳು ಪಾರಾಗಬಹುದಿತ್ತು. ಅದನ್ನೂ ಹೇಳಲಿಲ್ಲ. ಹೀಗೆ ನನಗೆ ನ್ಯಾಯವಾಗಿ ಸಲ್ಲಬೇಕಾದ ಕೀರ್ತಿಯನ್ನು ಯಂತ್ರವೊಂದೇ ಅಲ್ಲ, ಬಾಡಿಗೆದಾರಳೂ ಸೇರಿ ತಡೆಹಿಡಿದಿದ್ದಾರೆಂಬುದನ್ನು ವಿಷಾದದಿಂದ ದಾಖಲಿಸುತ್ತೇನೆ.

ಆ ಫೋನಿನಲ್ಲಿ ನನ್ನ ಮನೆಯಾಕೆಯ ಸಂದೇಶಗಳೂ ಇವೆಯೆಂದು ಈ ಗಲಾಟೆಯಲ್ಲಿ ನನಗೆ ತಿಳಿಯಿತು. ಜೀವನದುದ್ದಕ್ಕೂ ಜೊತೆಗಿದ್ದವನು ಎಂಬ ಅಧಿಕಾರದಿಂದ, ಅವುಗಳಲ್ಲಿ ಏನಿದೆಯೆಂದು ವಿಚಾರಿಸಿದೆ. ಅವಳು ತಲೆಯೆತ್ತದೆ, "ನಿಮಗ್ಯಾಕೆ?" ಎಂದಳು. ಮಾನ್ಯರೇ, ತಮ್ಮ ಇಲಾಖೆಯ ಖಾಸಗಿತನ ನೀತಿಯ ಕರಡನ್ನು ನಾನು ಆದ್ಯಂತವಾಗಿ ಓದಿದ್ದೇನೆ. ಅದರಲ್ಲಿ ಅಧ್ಯಾಯಗಳಿವೆ, ಉಪನಿಯಮಗಳಿವೆ, ಪ್ರತಿ ಹಕ್ಕಿನ ಕೆಳಗೂ ಅದನ್ನು ಕಸಿದುಕೊಳ್ಳುವ ವಿಧಾನವಿದೆ. ನನ್ನ ಮನೆಯಾಕೆ ಅಷ್ಟನ್ನೂ ಒಂದೇ ಮಾತಿನಲ್ಲಿ, ಯಾವ ವಿನಾಯಿತಿಯೂ ಇಲ್ಲದಂತೆ, ಶಾಸನ ಮಾಡಿದಳು. ನಾನು ಅದನ್ನು ಪಾಲಿಸಿ ಜಗಲಿಗೆ ಹೋಗಿ ಕುಳಿತೆ. ಇಲಾಖೆಯವರೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳಬಹುದು, ಸ್ಥಳವಿದೆ.

ಅದೇ ಕರಡಿನಲ್ಲಿ, ಪ್ರಜೆಗಳ ಪ್ರತಿಯೊಂದು ಬೀಗಕ್ಕೂ ಹೆಚ್ಚುವರಿ ಕೀಲಿಯೊಂದನ್ನು ಮಾಡಿಸಿ ಇಲಾಖೆಯಲ್ಲಿ ಅತ್ಯಂತ ಭದ್ರವಾಗಿ ಇಡಲಾಗುವುದೆಂದು ಬರೆದಿದೆ. 'ಅತ್ಯಂತ ಭದ್ರ' ಎಂಬ ಪದಗಳನ್ನು ಓದಿ ನನಗೆ ನನ್ನ ನಕಲು ವಿಭಾಗದ ನೆನಪಾಯಿತು. ಅಲ್ಲಿ ಅತಿ ಗೌಪ್ಯ ಕಡತಗಳಿಗೆಂದೇ ಒಂದು ಕಬ್ಬಿಣದ ಬೀರು ಇತ್ತು. ಕೀಲಿ ಕಳೆದುಹೋಗಬಾರದೆಂದು ಅದನ್ನು ಬೀರುವಿನ ಪಕ್ಕದ ಮೊಳೆಗೇ ನೇತುಹಾಕಿದ್ದರು. ಬೇರೆ ಕೀಲಿಗಳೊಡನೆ ಬೆರೆತುಹೋಗಬಾರದೆಂದು 'ಗೌಪ್ಯ ಬೀರು' ಎಂಬ ಚೀಟಿಯನ್ನೂ ಕಟ್ಟಿದ್ದರು. ಇರುವೆ ನುಗ್ಗದ ಜಾಗ ಅದೊಂದೇ ಆದ್ದರಿಂದ ಚಹಾದ ಸಕ್ಕರೆ ಡಬ್ಬಿಯೂ ಅದರೊಳಗೇ ಇತ್ತು. ಸಕ್ಕರೆಗೆ ಹೋದವರು ಒಂದೆರಡು ಕಡತಗಳನ್ನು ತಿರುವಿ ನೋಡದೆ ಬರುತ್ತಿರಲಿಲ್ಲ. ಯಾರ ಮೇಲೆ ಯಾರು ದೂರು ಕೊಟ್ಟಿದ್ದಾರೆಂಬುದು ಚಹಾ ಆರುವ ಮೊದಲೇ ದೂರಿಗೆ ಗುರಿಯಾದವನಿಗೆ ಮುಟ್ಟುತ್ತಿತ್ತು. ತಮ್ಮ ಬೀರುವಿನಲ್ಲಿ ಸಕ್ಕರೆ ಇರಲಾರದೆಂದು ನಂಬುತ್ತೇನೆ.

ಒಂದು ವೇಳೆ ಆ ಕೀಲಿಗಳು ಬಂದೇ ತೀರುವವಾದರೆ, ಓದುವವರಿಗಿರುವ ಕರ್ತವ್ಯಗಳನ್ನೂ ಇಲಾಖೆಯು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ನನ್ನ ಭಾವಮೈದುನ ದಿನವೂ ಒಂದು ಹಾಸ್ಯವನ್ನು ಕಳುಹಿಸುತ್ತಾನೆ. ಮನೆಯಲ್ಲಿ ಯಾರೂ ನಗುವುದಿಲ್ಲ. ನಗುವುದಕ್ಕೆ ಒಬ್ಬ ಖಾಯಂ ಸಿಬ್ಬಂದಿಯನ್ನು ನಿಯೋಜಿಸಬೇಕು. ಹೂವಿನ ಚಿತ್ರದೊಡನೆ ಶುಭೋದಯ ಹೇಳುವ ನೆಂಟರಿಗೆಲ್ಲ ಇಲಾಖೆಯ ಮುದ್ರೆಯೊಂದಿಗೆ ಮರುಶುಭೋದಯ ಹೋಗಬೇಕು. ನನ್ನ ನಾದಿನಿಗೂ ಅವಳ ವಾರಗಿತ್ತಿಗೂ ಒಂದು ಬೆಳ್ಳಿ ಲೋಟದ ವಿಷಯವಾಗಿ ನಡೆಯುತ್ತಿರುವ ಬರವಣಿಗೆಯನ್ನು ತಾವು ಪೂರ್ತಿ ಓದಿ, ಲೋಟ ಯಾರದೆಂದು ತೀರ್ಪು ಕೊಟ್ಟು, ಅನಂತರ ಇಬ್ಬರ ಬೈಗುಳವನ್ನೂ ತಾವೇ ಸ್ವೀಕರಿಸಬೇಕು. ಬರೇ ಓದಿ ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಇಷ್ಟಕ್ಕೆ ಸಹಿ ಹಾಕಿ ಮುಗಿಸಬೇಕೆಂದು ಪೆನ್ನನ್ನು ಸರಿಮಾಡಿಕೊಳ್ಳುತ್ತಿದ್ದೆ. ಆಗ ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, ಆ ಮೆಸೇಜನ್ನು ಮೊದಲು ಬರೆದು ಕಳಿಸಿದವನು ತಾನೇ ಎಂದು ಇಲಾಖೆಗೆ ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದ. ನನಗೆ ಬಂದ ಕೋಪವನ್ನು ವರ್ಣಿಸಲಾರೆ. ಒಂದು ವಾಕ್ಯವನ್ನು ಶುರುಮಾಡಿ ಮುಗಿಸುವುದರೊಳಗೆ ನಾಲ್ಕು ಊರು ಸುತ್ತುವ ಮನುಷ್ಯ ಅವನು. ಆ ವಾಕ್ಯ ನನ್ನದು ಎಂದೆ. ಅವನು ನಕ್ಕು, "ನಿಮ್ಮದೇ ಅಂತ ಎಲ್ರಿಗೂ ಗೊತ್ತು ತಾತ, ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಒಬ್ಬಳನ್ನಾದ್ರೆ ಕೆಲಸದಿಂದ ತೆಗೀಬಹುದು, ಇಡೀ ಬೀದೀನ ಯಾವ ಕೆಲಸದಿಂದ ತೆಗೀತಾರೆ?" ಎಂದ. ಅವನ ಹಿಂದೆ ಹೊಲಿಗೆಯಾಕೆ ಇದ್ದಳು, ಪತ್ರಿಕೆಯವನಿದ್ದ, ಮಕ್ಕಳನ್ನು ಸೊಂಟದ ಮೇಲೆ ಹೊತ್ತ ತಾಯಂದಿರು ಮೆಟ್ಟಿಲವರೆಗೂ ನಿಂತಿದ್ದರು. ಕೊನೆಯಲ್ಲಿ, ಕೈ ಒರೆಸಿಕೊಳ್ಳುತ್ತಾ, ನನ್ನ ಮನೆಯಾಕೆ.

ಬರೆದುಕೊಟ್ಟೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆಯಲ್ಲಿ, ದುಂಡಗಿನ ಅಕ್ಷರದಲ್ಲಿ, 'ಸದರಿ ವಾಕ್ಯವು ನನ್ನದೇ ಆಗಿದ್ದು, ಇದರಲ್ಲಿ ಬೇರಾರ ಕೈವಾಡವೂ ಇರುವುದಿಲ್ಲ' ಎಂದು ಬರೆಯುವಾಗ ಪ್ರತಿ ಸಲವೂ ಪೆನ್ನು ಕೊಂಚ ತಡೆಯಿತು, ಅಷ್ಟೆ. ಎಲ್ಲ ಅರ್ಜಿಗಳೂ ಒಂದೇ ಕೈಯಿಂದ ಬಂದವೆಂದು ತಾವು ಪತ್ತೆಹಚ್ಚುವಿರೆಂಬ ಭಯ ನನಗಿಲ್ಲ. ತಮಗೆ ಶೈಲಿ ತಿಳಿಯದೆಂಬುದು ಮೇಲೆ ಸಾಬೀತಾಗಿದೆ.

ಆದುದರಿಂದ, ವರದಿಯಲ್ಲಿ ಅವಳ ಹೆಸರನ್ನು ಹೊಡೆದು ನನ್ನ ಹೆಸರೊಂದನ್ನೇ ಸೇರಿಸಬೇಕೆಂಬ ಈ ತಕರಾರಿನ ಮೂಲ ಬೇಡಿಕೆಯನ್ನು ಇದರ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಗುರುವಾರ ಆ ಹುಡುಗಿ ಫೋನಿಗೆ ಬೀಗ ಹಾಕಿಯೇ ಬರುವಳು. ನಾವೆಲ್ಲರೂ ಅವಳ ಹಿಂದೆ, ಅವರವರ ಅರ್ಜಿ ಹಿಡಿದು, ಸಾಲಾಗಿ ಬರುತ್ತೇವೆ. ಕುರ್ಚಿಗಳ ವ್ಯವಸ್ಥೆ ಮಾಡಿಸುವುದು, ಮಕ್ಕಳಿನ್ನೂ ನಿಶ್ಶಕ್ತರಾಗಿದ್ದಾರೆ.

ಇಂತು, ಬೀಗ ಹಾಕಿದ ಬಾಯಿಯ ಮತ್ತು ತೆರೆದ ಪತ್ರದ,

ತಮ್ಮ ವಿಶ್ವಾಸಿ,
ಪ್ರಥಮ ಪ್ರೇಷಕರಲ್ಲೊಬ್ಬ

ಮರೆತ ಮಾತು: ವಿಚಾರಣೆ ಮುಗಿದ ಮೇಲೆ ತಮಗೆ ಬಿಡುವಾದರೆ ಇನ್ನೊಂದು ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕಾಗಿ ವಿನಂತಿ. ಒಂದು ಕಪ್ಪು ದ್ರವವು ಯಾರ ಒಪ್ಪಿಗೆಯನ್ನೂ ಕೇಳದೆ ನಮ್ಮ ಬೀದಿಯ ಪ್ರತಿ ಮನೆಗೂ ದಿನ ಬೆಳಗಾದರೆ ಫಾರ್ವರ್ಡ್ ಆಗುತ್ತಿದೆ. ಅದರ ಪ್ರಥಮ ಪ್ರೇಷಕರು ಯಾರೆಂದು ದಯವಿಟ್ಟು ಪತ್ತೆಹಚ್ಚಿಕೊಡಿ. ಅದಕ್ಕೆ ಯಾವ ಗೂಢಲಿಪಿಯೂ ಇಲ್ಲ, ನಲ್ಲಿ ತಿರುಗಿಸಿದರೆ ಸಾಕು.