ಸತ್ತವನ ನಡಿಗೆ

ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ, ಹೆಂಡತಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಜೊತೆ ಬೂಟು ತಂದಳು.

ಬೂಟು ಕನ್ನಡಕದಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡನ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಎಡಗಾಲಿನ ಬೂಟಿನ ಹಿಮ್ಮಡಿ ಮಾತ್ರ ಒಂದು ಪಕ್ಕಕ್ಕೆ ಸವೆದಿತ್ತು. ಬಲಗಾಲು ಟಪ್ ಎಂದರೆ ಎಡಗಾಲು ಸರ್ರ್ ಎಂದು ಎಳೆಯುತ್ತಿತ್ತು.

ಕೆಲಸಕ್ಕೆ ಹೊರಟಾಗ ಎದುರುಮನೆ ಅಜ್ಜಿ ಬಾಗಿಲ ಸಂದಿಯಿಂದ ಇಣುಕಿದರು. "ಯಾರಪ್ಪಾ ಅದು?"

"ನಾನೇ ಅಜ್ಜಿ, ಎದುರುಮನೆಯವ್ನು."

"ಮುಖವೇನೋ ನಿಂದೇ. ನಡೀತಿರೋನು ಬೇರೆ ಯಾರೋ," ಎಂದು ಅಜ್ಜಿ ಚಿಲಕ ಹಾಕಿಕೊಂಡರು.

ಚೌಕದ ಕಂಬದ ಮೇಲೆ ಪೊಲೀಸರ ಹೊಸ ಕ್ಯಾಮೆರಾ ಇತ್ತು. ಮುಖ ಮುಚ್ಚಿಕೊಂಡರೂ ನಡಿಗೆಯಿಂದಲೇ ಆಳನ್ನು ಗುರುತು ಹಿಡಿಯುವಂಥದ್ದು. ಗುಮಾಸ್ತ ರಸ್ತೆ ದಾಟುವುದರೊಳಗೆ ಪೇದೆಯ ಕೈ ಅವನ ಹೆಗಲ ಮೇಲಿತ್ತು.

ಠಾಣೆಯೊಳಗೂ ಅಂಥದೇ ಒಂದು ಕ್ಯಾಮೆರಾ ಇತ್ತು. ಅದರ ಪರದೆಯ ಮೇಲೆ ಬೋಳುತಲೆಯ ಒಂದು ಮುಖ.

"ಬೀಗ ಮುರಿಯೋದ್ರಲ್ಲಿ ಇವನನ್ನ ಮೀರಿಸೋರಿಲ್ಲ," ಎಂದರು ಇನ್‌ಸ್ಪೆಕ್ಟರು. "ಯಂತ್ರ ನಿನ್ನನ್ನೇ ಇವನು ಅಂತಿದೆ."

"ಸಾರ್, ನಂಗೆ ತಲೆತುಂಬ ಕೂದಲಿದೆ."

"ಕೂದಲು ಬೆಳೆಯುತ್ತಪ್ಪ. ತೊಂದ್ರೆ ಅದಲ್ಲ. ಇವನು ಹೋದ ವರ್ಷವೇ ಸತ್ತ. ಹೆಣ ನಾನೇ ನೋಡಿದ್ದೀನಿ. ಕಾಲಲ್ಲಿ ಬೂಟು ಇರ್ಲಿಲ್ಲ."

ಗುಮಾಸ್ತ ತನ್ನ ಕಾಲಿನ ಬೂಟನ್ನು ನೋಡಿದ. ಬೂಟು ಕಿತ್ತೆಸೆದು ಬರಿಗಾಲಲ್ಲಿ ನಡೆದು ತೋರಿಸಿದ. ಪರದೆಯ ಮೇಲೆ ಅದೇ ಬೋಳುತಲೆ. ನಿನ್ನೆ ತಾನು ಹೇಗೆ ನಡೆಯುತ್ತಿದ್ದೆ ಎಂದು ಯೋಚಿಸಿದ, ನೆನಪೇ ಆಗಲಿಲ್ಲ.

ಸಾಕ್ಷಿಗೆಂದು ಹೆಂಡತಿಗೆ ಫೋನು ಮಾಡಿಸಿದರು. "ಮದುವೆಯಾದಾಗಿಂದ ಮುಂದೆ ಮುಂದೆ ಹೋಗೋಳು ನಾನು," ಎಂದಳು ಅವಳು. "ನಮ್ಮನೆಯವ್ರು ಹಿಂದೆ ಹೇಗೆ ಬರ್ತಿದ್ರೋ, ಯಾರು ತಿರುಗಿ ನೋಡಿದ್ರು?"

"ಸಾರ್, ಬೇಕಾದ್ರೆ ನೀವೇ ಹಾಕ್ಕೊಂಡು ನೋಡಿ," ಎಂದು ಗುಮಾಸ್ತ ಕೈಮುಗಿದ. "ಯಾರು ಹಾಕಿದ್ರೂ ಹೀಗೇ ಆಗುತ್ತೆ."

ಇನ್‌ಸ್ಪೆಕ್ಟರು ತಮಾಷೆಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. ಟಪ್, ಸರ್ರ್. ಯಂತ್ರ ಕೂಗಿತು. ಪೇದೆ ನಕ್ಕ, ಅವರೂ ನಕ್ಕರು. "ಸರಿಯಪ್ಪ, ನಿಂದೇನೂ ತಪ್ಪಿಲ್ಲ. ಮನೆಗೆ ನಡಿ," ಎನ್ನುತ್ತ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಕುರ್ಚಿಯ ಕಡೆ ಹೋದರು.

ಟಪ್, ಸರ್ರ್.

ಯಂತ್ರ ಮತ್ತೆ ಕೂಗಿತು. ಪೇದೆ ಲಾಠಿಯಿಂದ ಬೂಟನ್ನು ಮೇಜಿನ ಕೆಳಗೆ ತಳ್ಳಿದ.

ಇನ್‌ಸ್ಪೆಕ್ಟರು ಕೂತು ತಮ್ಮ ಪಾದಗಳನ್ನೇ ನೋಡಿದರು. "ಸತ್ತವನು ಠಾಣೆಯೊಳಗಿದ್ದಾನೆ ಅಂತ ಯಂತ್ರ ಮೇಲಿನವ್ರಿಗೆ ಸುದ್ದಿ ಕೊಟ್ಟಾಯ್ತು. ಯಾರಾದ್ರೂ ಒಬ್ಬರು ಒಳಗಿರ್ಬೇಕಲ್ಲಪ್ಪ," ಎಂದರು ಮೆಲ್ಲಗೆ.

"ನಾನು ಮನೆಗೆ ಹೋಗ್ಬಹುದು ಅಂದ್ರಲ್ಲ ಸಾರ್?"

"ಅಂದೆ. ಆದ್ರೆ ಬೀಗದ ಕೈ ನನ್ನ ಹತ್ರ ಇದೆ."

ಪೇದೆ ಅವನನ್ನು ಲಾಕಪ್ಪಿನೊಳಗೆ ಬಿಟ್ಟು, ದೂರ ಸರಿದು ನಿಂತ. ಬೂಟು ಮೇಜಿನ ಕೆಳಗೆ ತೆಪ್ಪಗೆ ಬಿದ್ದಿತ್ತು. ಲಾಕಪ್ಪಿನ ಮುಂದಿನ ಕತ್ತಲ ಪಡಸಾಲೆಯ ಆ ತುದಿಯಿಂದ ಸದ್ದು ಹತ್ತಿರವಾಯಿತು. ಟಪ್, ಸರ್ರ್. ಟಪ್, ಸರ್ರ್.

"ಯಾರಪ್ಪಾ ಅದು?" ಎಂದು ಗುಮಾಸ್ತ ಕೇಳಿಬಿಟ್ಟ.

ಸರಳುಗಳಾಚೆ ಕಂಡ ಮುಖವೇನೋ ಇನ್‌ಸ್ಪೆಕ್ಟರದೇ. ಬೀಗ ಬಿತ್ತು.