ವಿಲ್ಮಾ ವಿಸ್ಸರ್ ರಂಗಕ್ಕೆ ಬರುವುದಿಲ್ಲವಂತೆ

ವಿಲ್ಮಾ: ಬರಲ್ಲ ಅಂದ್ರೆ ಬರಲ್ಲ! ಇನ್ನೆಷ್ಟು ಸಲ ಹೇಳ್ಬೇಕು ನಿಂಗೆ?

ಹಾರ್ಲನ್: ಅದನ್ನ ಹತ್ತು ಸಲ ಹೇಳಿದೀಯ. ಕಾರಣ ಒಂದ್ಸಲ ಹೇಳು, ಸಾಕು.

ಭಾನುವಾರ ಮಧ್ಯಾಹ್ನದ ಕೊನೆಯ ಪ್ರದರ್ಶನ, ವಿರಾಮದ ಹೊತ್ತು. ಪರದೆಯ ಹಿಂದೆ ರಟ್ಟಿನ ರೈಲಿನ ಪಕ್ಕದಲ್ಲಿ ಇಬ್ಬರೂ ಕಚ್ಚಾಡುತ್ತಿದ್ದರು. ಮಿಷಿಗನ್ನಿನ ಆ ಪುಟ್ಟ ಊರಿನ ಹೈಸ್ಕೂಲಿನಲ್ಲಿ ವಿಲ್ಮಾ ವಿಸ್ಸರ್ ಮೂವತ್ತೊಂದು ವರ್ಷ ಮಕ್ಕಳಿಂದ ಸಂಗೀತ ನಾಟಕ ಆಡಿಸಿದವಳು; ಇವತ್ತಿಗೆ ಅದು ಮುಗಿಯಿತು. ಅಷ್ಟೂ ವರ್ಷ ಪಿಯಾನೋ ನುಡಿಸಿದವನು ಹಾರ್ಲನ್ ಬೂಮ್. ಅವಳ ಕೈಲಿ ಅತಿ ಹೆಚ್ಚು ಬೈಸಿಕೊಂಡವನೂ ಅವನೇ. ನಾಟಕ ಮುಗಿದ ಮೇಲೆ ಅವಳನ್ನು ರಂಗಕ್ಕೆ ಕರೆದು ಬೀಳ್ಕೊಡಬೇಕೆಂದು ಮಕ್ಕಳು ಗುಟ್ಟಾಗಿ ಏರ್ಪಾಡು ಮಾಡಿದ್ದರು. ಹಾರ್ಲನ್ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂಬುದು ಪಾಪ ಆ ಮಕ್ಕಳಿಗೆ ತಿಳಿಯದು.

ವಿಲ್ಮಾ: ತಲೆಬಾಗಿ ಚಪ್ಪಾಳೆ ಗಿಟ್ಟಿಸೋದು ಮಕ್ಕಳ ಹಕ್ಕು. ಮಧ್ಯೆ ದೊಡ್ಡೋರು ಹೋಗಿ ಹಲ್ಲು ಕಿರೀಬಾರ್ದು.

ಹಾರ್ಲನ್: ಗೊತ್ತಾಯ್ತು ಬಿಡು. ಪ್ರಿನ್ಸಿಪಾಲರ ಭಾಷಣಕ್ಕೆ ಹೆದರಿದೀಯ. ಎರಡೇ ನಿಮಿಷ ಅಂತ ಹೇಳಿದೀವಿ.

ವಿಲ್ಮಾ: ಎರಡು ನಿಮಿಷ ಅವರಿಗೆ ಗಂಟಲು ಸರಿ ಮಾಡ್ಕೊಳ್ಳೋಕೇ ಸಾಲಲ್ಲ. ಆದ್ರೆ ಅದಲ್ಲ.

ಹಾರ್ಲನ್: ಹಾಗಾದ್ರೆ ನಿನ್ನ ಜಾಗಕ್ಕೆ ಬರೋ ಹೊಸ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚು.

ವಿಲ್ಮಾ: ಅವನನ್ನ ಆರಿಸಿದ್ದೇ ನಾನು ಕಣೋ!

ಹಾರ್ಲನ್: ಹೂವಾ? ಲಿಲ್ಲಿ ಕಂಡ್ರೆ ಸೀನ್ತೀಯ ಅಂತ ಗುಲಾಬಿ ತರ್ಸಿದೀನಿ, ಮಾರಾಯ್ತಿ.

ವಿಲ್ಮಾ: ಹೂವೂ ಇದೆಯಾ? ಅದನ್ನೂ ಹೇಳ್ಬಿಟ್ಯಾ?

ಹಾರ್ಲನ್‌ಗೆ ನಿಜವಾಗಿಯೂ ಬೇಜಾರಾಯಿತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವನಿಗೂ ಹೇಳಲಾಗದ ಮಾತು ಯಾವುದು? ವಿಲ್ಮಾ ಕನ್ನಡಕ ತೆಗೆದು ಒರೆಸಿದಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ವಿಲ್ಮಾ: ಭಯ ಕಣೋ.

ಹಾರ್ಲನ್: ಮತ್ತೆ ಇಲಿ ಬಂತಾ?

ವಿಲ್ಮಾ: ಜನ ಕಂಡ್ರೆ ಭಯ! ಹತ್ತು ವರ್ಷದವಳಿದ್ದಾಗ ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಆಗಿದ್ದೆ. 'ಬ್ಯಾ' ಅನ್ನೋದೊಂದೇ ಮಾತು. ಅದೂ ಹೊರಡ್ಲಿಲ್ಲ. ಅವತ್ತಿಂದ ಜನರ ಮುಂದೆ ರಂಗದ ಮೇಲೆ ಕಾಲಿಟ್ಟಿಲ್ಲ.

ಹಾರ್ಲನ್: ಮತ್ತೆ ಅಷ್ಟು ಮಕ್ಕಳಿಗೆ 'ಹೋಗ್ರೋ, ಏನೂ ಆಗಲ್ಲ' ಅಂತಿದ್ಯಲ್ಲ?

ವಿಲ್ಮಾ: ಅವರಿಗೆ ಏನೂ ಆಗ್ಲಿಲ್ವಲ್ಲ!

ನಗಬೇಕೋ ಅಳಬೇಕೋ ಹಾರ್ಲನ್‌ಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಡೀನಾ ಬಂದಳು. ಕೊನೆಯ ವರ್ಷದ ಹುಡುಗಿ, ಈ ನಾಟಕದ ಸ್ಟೇಜ್ ಮ್ಯಾನೇಜರ್.

ಡೀನಾ: ಮಿಸೆಸ್ ವಿಸ್ಸರ್, ಕೊನೇ ಹಾಡಾದ್ಮೇಲೆ ಎಡಗಡೆಯಿಂದ ಬನ್ನಿ. ನಡುವೆ ಬಿಳಿ ಪಟ್ಟಿ ಅಂಟ್ಸಿದೀನಿ, ಅಲ್ಲಿ ನಿಲ್ಲಿ.

ವಿಲ್ಮಾ: ನಾನು ಬರಲ್ಲಮ್ಮ.

ಡೀನಾ: ನಾಟಕ ಶುರುವಾದ್ಮೇಲೆ ಇಲ್ಲಿ ಯಾರ ಮಾತು ನಡೆಯುತ್ತೆ?

ವಿಲ್ಮಾ: ...ಸ್ಟೇಜ್ ಮ್ಯಾನೇಜರ್‌ದು.

ಡೀನಾ: ಡೈರೆಕ್ಟರೇ ಇರ್ಲಿ, ಪ್ರಿನ್ಸಿಪಾಲರೇ ಇರ್ಲಿ?

ವಿಲ್ಮಾ: ಬಾಯ್ಮುಚ್ಕೊಂಡು ಕೇಳ್ಬೇಕು. ಇದನ್ನ ನಿಂಗೆ ಕಲಿಸಿದವರನ್ನ ಹಿಡಿದು ಬಾರಿಸ್ಬೇಕು!

ಡೀನಾ: ನೀವೇ ಕಲಿಸಿದ್ದು. ಮಿಸ್ಟರ್ ಬೂಮ್, ಪಿಯಾನೋ ಹತ್ರ ಹೋಗಿ. ವಿರಾಮ ಮುಗೀತು.

ಉಳಿದರ್ಧ ನಾಟಕದಲ್ಲಿ ಒಂದು ಮೀಸೆ ಬಿತ್ತು, ರೈಲು ಹಿಮ್ಮುಖವಾಗಿ ಓಡಿತು, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಮಕ್ಕಳು ತಲೆಬಾಗಿದ ಮೇಲೆ ವಿಲ್ಮಾ ಬಂದಳು. ಬಿಳಿ ಪಟ್ಟಿಯ ಮೇಲೆ ಗುಲಾಬಿ ಅಪ್ಪಿಕೊಂಡು ನಿಂತಳು. ನಾನೂರು ಜನ ಎದ್ದು ಚಪ್ಪಾಳೆ ತಟ್ಟಿ, ಅವಳ ಮಾತಿಗೆ ಕಾದರು. ವಿಲ್ಮಾ ಬಾಯಿ ತೆರೆದಳು, ಮುಚ್ಚಿದಳು. ಹಾರ್ಲನ್ ಕೊನೆಯ ಹಾಡಿನ ಒಂದು ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತಾ ಹೊತ್ತು ಕಳೆದ. ಆರನೇ ಸುತ್ತೂ ಮುಗಿಯಿತು. ದೇವರೇ, ಈಕೆಯ ಮಾನ ಕಾಪಾಡು ಎಂದುಕೊಂಡ.

ಆಗ ಮೂರನೇ ಸಾಲಿನಿಂದ ಔಷಧಿ ಅಂಗಡಿಯವನು ಪಿಸುಗುಟ್ಟಿದ. ಇಪ್ಪತ್ತು ವರ್ಷದ ಹಿಂದೆ ಅವಳ ನಾಟಕದಲ್ಲಿ ರಾಜನಾಗಿ ಮಾತು ಮರೆತವನು.

ಅಂಗಡಿಯವನು: ಬಂದವರಿಗೆಲ್ಲಾ ಧನ್ಯವಾದ...

ಹಿಂದಿನಿಂದ ಅಂಚೆಯವಳು: ಮೊದ್ಲು ಉಸಿರು ತಗೊಳ್ಳಿ!

ಬಾಲ್ಕನಿಯಿಂದ ಯಾರೋ: ನಗಿ, ಮಿಸೆಸ್ ವಿಸ್ಸರ್!

ಅರ್ಧ ಸಭಾಂಗಣ ಅವಳ ಕೈಯಲ್ಲಿ ಪಳಗಿದ್ದೇ. ಎಲ್ಲರೂ ಒಟ್ಟಿಗೆ ಮಾತು ಹೇಳಿಕೊಡಲು ಹೊರಟರು, ಗುಜುಗುಜು ಏರಿತು. ವಿಲ್ಮಾಳ ಹುಬ್ಬು ಗಂಟಿಕ್ಕಿತು. ಆ ಗಂಟನ್ನು ಕಂಡದ್ದೇ ತಡ, ಹಾರ್ಲನ್‌ನ ಬೆರಳುಗಳು ತಾವಾಗಿಯೇ ನಿಂತವು.

ವಿಲ್ಮಾ: ನಿಲ್ಸಿ! ಇದೇನು ಸಂತೇನಾ? ಒಬ್ಬರ ಮಾತೂ ಕೇಳಿಸ್ತಿಲ್ಲ. ಮೂರನೇ ಸಾಲು, ಗೊಣಗ್ಬೇಡ, ಗದ್ದ ಮೇಲೆತ್ತು! ಬಾಲ್ಕನಿ, ನಿಮ್ಮ ಸರದಿ ಬರೋವರೆಗೆ ಕಾಯ್ರಿ. ಎಲ್ಲಾ ಮೊದಲಿಂದ!

ನಾನೂರು ಗದ್ದಗಳು ಮೇಲೆದ್ದವು. 'ಬಂದವರಿಗೆಲ್ಲಾ ಧನ್ಯವಾದ!' ಎಂದು ಸಭಾಂಗಣ ಒಂದೇ ದನಿಯಲ್ಲಿ ಗುಡುಗಿತು. ವಿಲ್ಮಾ ಅಳುತ್ತಲೇ ನಕ್ಕಳು. ಆಮೇಲೆ ಅವಳ ಬಾಯಿ ಮುಚ್ಚಲಿಲ್ಲ. ಯಾವ ವರ್ಷ ಯಾರು ಎಲ್ಲಿ ಎಡವಿದರು ಎಂಬುದನ್ನೆಲ್ಲ ಹೆಸರು ಹಿಡಿದು ಹೇಳತೊಡಗಿದಳು. ಇಪ್ಪತ್ತು ನಿಮಿಷ ಕಳೆಯಿತು.

ಹಾರ್ಲನ್: (ಪಿಯಾನೋ ಬಳಿಯಿಂದ, ಮೆಲ್ಲಗೆ) ಸಾಕು, ಇಳಿಯೇ. ಪ್ರಿನ್ಸಿಪಾಲರು ಕಾಯ್ತಿದಾರೆ.

ವಿಲ್ಮಾ: ಸುಮ್ನಿರೋ ಹಾರ್ಲನ್! ಮೂವತ್ತೊಂದು ವರ್ಷ ತಡವಾಗಿ ಬಂದಿದೀನಿ, ಇಷ್ಟು ಬೇಗ ಯಾರು ಹೋಗ್ತಾರೆ?