ನಾನು ಗೆದ್ದ ಡಬ್ಬಿ

ವಾದದಲ್ಲಿ ಸೋಲುವುದು ನನಗೆ ಬರುವುದಿಲ್ಲ. ಇದನ್ನು ಗುಣವೆಂದು ಹೇಳುತ್ತಿಲ್ಲ; ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಕಾಲೇಜಿನಲ್ಲಿದ್ದಾಗ ಪಾನನಿಷೇಧದ ವಿರುದ್ಧ ಮಾತನಾಡಿ, ಊರ ಸ್ವಾಮಿಗಳ ಕೈಯಿಂದಲೇ ಸ್ಟೀಲ್ ಡಬ್ಬಿ ಬಹುಮಾನ ಪಡೆದವಳು ನಾನು. ಈ ಕಥೆಯೂ ಆ ಡಬ್ಬಿಯದೇ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆರು ತಿಂಗಳ ಬಸುರಿ. ತೂಕ ಮಾತ್ರ ಏರುತ್ತಿರಲಿಲ್ಲ. ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನ ಬಿಸಿ ಊಟವಿದೆ: ಅನ್ನ, ಸಾರು, ಹಾಲು, ತತ್ತಿ, ತತ್ತಿ ಮುಟ್ಟದ ನಮ್ಮಂಥ ಲಿಂಗವಂತರ ಮನೆಯವರಿಗೆ ಮೊಳಕೆ ಹೆಸರು. ಮೇಲೊಂದು ಶೇಂಗಾ ಚಿಕ್ಕಿ. ಷರತ್ತು ಒಂದೇ, ಅಲ್ಲೇ ಕೂತು ಉಣ್ಣಬೇಕು. ನನಗೆ ಅಷ್ಟು ಸಾಕಾಯಿತು. ಬಹುಮಾನದ ಡಬ್ಬಿ ಹಿಡಿದು ಹೋಗಿ, ಊಟ ಇದರಲ್ಲಿ ಹಾಕಿಕೊಡಿ, ಮನೆಗೆ ಒಯ್ಯುತ್ತೇನೆ ಎಂದೆ. ಬಸುರಿ ಬಿಸಿಲಲ್ಲಿ ನಡೆಯಬೇಕೇ, ಅವಳ ತುತ್ತಿಗೆ ಸರ್ಕಾರ ಕಾವಲು ಕೂಡಬೇಕೇ, ಅವಳಿಗೆ ಸ್ವಾಭಿಮಾನ ಇಲ್ಲವೇ ಎಂದು ಅಲ್ಲಿನ ಮಮ್ತಾಜ್ ಟೀಚರಿಗೆ ಕೇಳಿದೆ. ಅವರ ತೂಕದ ಯಂತ್ರವನ್ನೂ ಬಿಡಲಿಲ್ಲ; ಅದೇ ಸುಳ್ಳಿರಬೇಕೆಂದು ನಾನೇ ಹತ್ತಿ ನಿಂತು ಪರೀಕ್ಷಿಸಿದೆ. ಐವತ್ತೆರಡು ತೋರಿಸಿತು. ಟೀಚರ್ ಅದನ್ನೂ ಬರೆದುಕೊಂಡರು.

"ತಂಗಿ, ಡಬ್ಬಿ ಮನಿಗೆ ಹೋತಂದ್ರ ಬಸುರಿ ಹೊಟ್ಟಿಗೆ ಹೋಗೂದಿಲ್ಲವ್ವಾ," ಎಂದರು.

ಪುರಾವೆ ಕೇಳಿದೆ. ಸುತ್ತ ಅಳುವ ಹತ್ತು ಮಕ್ಕಳನ್ನಿಟ್ಟುಕೊಂಡವರ ಬಳಿ ಪುರಾವೆ ಎಲ್ಲಿರುತ್ತದೆ? ಒಂದು ತಿಂಗಳು ಒಯ್ಯಿರಿ, ಮುಂದಿನ ತೂಕಕ್ಕೆ ನೋಡೋಣ ಎಂದು ಸೋತರು.

ನಮ್ಮ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಸೊಸೆ ಎಲ್ಲರಿಗೂ ಬಡಿಸಿ ಕಡೆಗೆ ಕೂಡುತ್ತಾಳೆ, ಹೊರಗಿನಿಂದ ಬಂದ ತಿನಿಸು ಎಲ್ಲರ ಕೈಗೂ ಚೂರು ತಲುಪುತ್ತದೆ, ಅಷ್ಟೇ. ಅವ್ವ ಸಾರಿನ ಉಪ್ಪು ನೋಡಿದಳು. ಅಪ್ಪನ ಸಕ್ಕರೆ ಕಾಯಿಲೆಗೆ ಮೊಳಕೆಕಾಳು ಒಳ್ಳೆಯದೆಂದು ಡಾಕ್ಟರೇ ಹೇಳಿದ್ದರು. ಹಾಲು ಅಣ್ಣನ ಚಹಾಕ್ಕೆ ಹೋಯಿತು. ನಾನು ತತ್ವಕ್ಕೆ ಕಟ್ಟುಬಿದ್ದು ಏನನ್ನೂ ಮುಟ್ಟಲಿಲ್ಲ, ಚಿಕ್ಕಿಯೊಂದನ್ನು ಬಿಟ್ಟು. ಅದನ್ನೂ ವೈನಿಯೇ ದಿನಾ ಕೈಗಿಡುತ್ತಿದ್ದರು. "ನನ್ನ ಸಲುವಾಗಿ ಅಷ್ಟ್ ಮಾತಾಡಿ ಬಂದೀ, ತಗೋವಾ." ಬೇಡವೆಂದರೆ ಅವರ ಸ್ವಾಭಿಮಾನಕ್ಕೆ ಪೆಟ್ಟು, ಆ ಅಂಶವನ್ನು ನಾನೇ ಮಂಡಿಸಿದ್ದೆನಲ್ಲ.

ತಿಂಗಳಾಯಿತು. ವೈನಿ ಯಂತ್ರ ಹತ್ತಿದರು. ಅಂಕಿ ಕದಲಿರಲಿಲ್ಲ. ಇಳಿದು ಸೆರಗು ಸರಿಪಡಿಸಿಕೊಳ್ಳುತ್ತ ನೆಲ ನೋಡಿದರು, ತಪ್ಪು ತಮ್ಮದೇ ಎಂಬಂತೆ. ಟೀಚರ್ ನನ್ನತ್ತ ತಿರುಗಿದರು.

"ಈಗ ನೀ ನಿಂದ್ರು."

ಐವತ್ತಮೂರೂವರೆ.

"ಪುರಾವಿ ಕೇಳಿದ್ದಿಯಲ್ಲ," ಎಂದು ಬರೆದುಕೊಂಡರು.

ಈಗ ವೈನಿ ದಿನಾ ಅಲ್ಲೇ ಕೂತು ಉಣ್ಣುತ್ತಾರೆ. ಬಿಸಿಲಿಗೆ ಕೊಡೆ ಹಿಡಿದು ಕರೆದೊಯ್ಯುವುದು ನನ್ನ ಕೆಲಸ. ಅವರು ಚಿಕ್ಕಿ ಮುರಿಯುವ ಹೊತ್ತಿಗೆ ಟೀಚರ್ ನನ್ನನ್ನೇ ನೋಡುತ್ತಾರೆ. ನಾನು ಗೋಡೆಯ ಮೇಲಿನ ಅ ಆ ಇ ಈ ಓದುತ್ತ ನಿಲ್ಲುತ್ತೇನೆ.